ಮಗಳಿಗೊಂದು ಪತ್ರ: ಮೀನು ಬರುವ ಮುಂಚಿನ ಸಮುದ್ರ

ಪುಟ್ಟಿ,

ನಮ್ಮ ಹೊಸ ಉಪ್ಪುನೀರಿನ ಅಕ್ವೇರಿಯಂ ತೊಟ್ಟಿಗೆ ಮೀನು ಯಾವತ್ತು ತರೋಣ ಅಂತ ಕೇಳುತ್ತಲೇ ಇದ್ದೀಯ. ಆ ದಿನ ಗೊತ್ತುಮಾಡುವುದು ನಾನಲ್ಲ, ನಿನ್ನ ನೋಟ್‌ಬುಕ್ಕು. ಅದರಲ್ಲಿ ಅಮೋನಿಯಾ, ನೈಟ್ರೈಟ್ ಎಂಬ ಎರಡು ವಿಷಗಳ ಅಂಕಿಗಳು ಸೊನ್ನೆಗೆ ಇಳಿದು, ಮತ್ತೊಮ್ಮೆ ಪರೀಕ್ಷೆ ಮಾಡಿದಾಗಲೂ ಸೊನ್ನೆಯೇ ಬಂದರೆ ಮೀನು ಬರುತ್ತದೆ. ಅಲ್ಲಿಯವರೆಗೆ ಏನೇನಾಗಬೇಕು, ಯಾವುದು ನಿನ್ನ ಕೆಲಸ, ಯಾವುದಕ್ಕೆ ನೀನು ಕೈಹಾಕಬಾರದು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ತೊಟ್ಟಿ 60 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ. ಗುಣಿಸಿದರೆ 121 ಲೀಟರ್. ಮೇಲೆ ನಾಲ್ಕು ಸೆಂಟಿಮೀಟರ್ ಬಿಟ್ಟು, ಕಲ್ಲು ಮರಳು ತುಂಬುವ ಜಾಗ ಕಳೆದರೆ ನಿಜವಾದ ನೀರು 100 ಲೀಟರ್ ಅಷ್ಟೇ. ಈ 100ನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದುಕೋ, ಉಪ್ಪಿನಿಂದ ಹಿಡಿದು ಎಲ್ಲದರ ಲೆಕ್ಕವೂ ಅದರ ಮೇಲೆಯೇ. ಇನ್ನೂ ಚಿಕ್ಕ ತೊಟ್ಟಿ ಸಾಕಿತ್ತಲ್ಲ ಅನ್ನಬಹುದು. ಸಿಹಿನೀರಲ್ಲೂ ಉಪ್ಪುನೀರಲ್ಲೂ ಚಿಕ್ಕದೇ ಕಷ್ಟ. 20 ಲೀಟರಿನಲ್ಲಿ ಒಂದು ಬಸವನಹುಳು ಸತ್ತರೂ ನೀರು ಕೆಡುತ್ತದೆ, 100 ಲೀಟರು ಅದನ್ನು ತಡೆದುಕೊಳ್ಳುತ್ತದೆ.

ನೀರು, ಕಲ್ಲು, ಮರಳು, ಗಾಜು ಸೇರಿ ಸುಮಾರು 150 ಕಿಲೋ ತೂಗುತ್ತದೆ. ಅದಕ್ಕೇ ಅಷ್ಟು ಗಟ್ಟಿ ಸ್ಟ್ಯಾಂಡು, ಅದಕ್ಕೇ ಮಟ್ಟಗೋಲು ಹಿಡಿದು ಉದ್ದಕ್ಕೂ ಅಡ್ಡಕ್ಕೂ ನೋಡುವುದು. ಒಂದು ಮೂಲೆ ತಗ್ಗಾದರೂ ಭಾರವೆಲ್ಲ ಅಲ್ಲಿನ ಅಂಟಿನ ಮೇಲೆ ಬೀಳುತ್ತದೆ. ತುಂಬಿದ ಮೇಲೆ ಸರಿಸಲಾಗುವುದಿಲ್ಲ. ಹಾಗಾಗಿ ಬಿಸಿಲು ಬೀಳದ ಜಾಗವನ್ನು ಮೊದಲೇ ಆರಿಸಬೇಕು.

ನಲ್ಲಿ ನೀರು ಬೇಡವೇ ಬೇಡ. ಅದರಲ್ಲಿ ಕ್ಲೋರಿನ್ ಇರುತ್ತದೆ, ಪೈಪಿನಿಂದ ಬಂದ ತಾಮ್ರ ಇರಬಹುದು, ಫಾಸ್ಫೇಟ್, ಸಿಲಿಕೇಟ್ ಇರಬಹುದು. ತಾಮ್ರ ಮೀನಿಗಿಂತ ಮೊದಲು ಸೀಗಡಿ, ಬಸವನಹುಳು, ಹವಳಗಳನ್ನು ಕೊಲ್ಲುತ್ತದೆ. ಫಾಸ್ಫೇಟ್ ಇದ್ದರೆ ಪಾಚಿಗೆ ಹಬ್ಬ. ಆರ್‌ಒ ಫಿಲ್ಟರಿನ ನಂತರ, ಉಳಿದ ಲವಣಗಳನ್ನು ಹಿಡಿದಿಡುವ ಡಿಐ ರಾಳದ ಕೊಳವೆಯನ್ನೂ ದಾಟಿ ಬಂದ ನೀರು ಬೇಕು. ನೀರಲ್ಲಿ ಕರಗಿರುವುದನ್ನು ಅಳೆಯುವ ಟಿಡಿಎಸ್ ಮೀಟರನ್ನು ಅದರಲ್ಲಿ ಅದ್ದಿದರೆ ಸೊನ್ನೆ ತೋರಿಸಬೇಕು. ಒಂದೋ ಎರಡೋ ತೋರಿಸತೊಡಗಿದರೆ ರಾಳ ಮುಗಿಯುತ್ತಾ ಬಂದಿದೆ ಎಂದರ್ಥ, ಬಂದು ಹೇಳು.

ಉಪ್ಪು ಎಂದರೆ ಅಡುಗೆ ಉಪ್ಪಲ್ಲ. ಅದು ಬರೀ ಸೋಡಿಯಂ ಕ್ಲೋರೈಡ್. ಸಮುದ್ರದಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್, ಬೈಕಾರ್ಬನೇಟ್ ಎಲ್ಲ ಇವೆ. ಅಕ್ವೇರಿಯಂಗೆಂದೇ ಮಾಡಿದ ಮಿಶ್ರಣದಲ್ಲಿ ಮಾತ್ರ ಇವೆಲ್ಲ ಅಳತೆಯಲ್ಲಿರುತ್ತವೆ. ಲೀಟರಿಗೆ 36ರಿಂದ 38 ಗ್ರಾಂ, ಅಂದರೆ ನಮ್ಮ ತೊಟ್ಟಿಗೆ ಸುಮಾರು 3.7 ಕಿಲೋ. ಇಲ್ಲೊಂದು ತಪ್ಪು ತುಂಬ ಜನ ಮಾಡುತ್ತಾರೆ: ಉಪ್ಪು ಹಾಕಿದ ಬಕೆಟ್ಟಿಗೆ ನೀರು ಸುರಿಯುವುದು. ಆಗ ಮೊದಲ ಕೆಲವು ಲೀಟರುಗಳಲ್ಲಿ ಉಪ್ಪು ವಿಪರೀತ ದಟ್ಟವಾಗಿ, ಕ್ಯಾಲ್ಸಿಯಂ ಮತ್ತು ಕಾರ್ಬನೇಟ್ ಸೇರಿ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತವೆ. ಆ ಪುಡಿ ಎಷ್ಟು ಕಲಕಿದರೂ ಮತ್ತೆ ಕರಗದು. ಮೊದಲು ನೀರು, ಅದರೊಳಗೆ ಪಂಪು ತಿರುಗುತ್ತಿರಬೇಕು, ಆಮೇಲೆ ಉಪ್ಪನ್ನು ಸ್ವಲ್ಪಸ್ವಲ್ಪವೇ ಉದುರಿಸು. ಒಂದು ಇಡೀ ದಿನ ತಿರುಗಲಿ. ಮೊದಲ ಸಲ ತೊಟ್ಟಿಯಲ್ಲೇ ಕಲಸಬಹುದು, ಒಳಗೆ ಜೀವ ಇಲ್ಲವಲ್ಲ. ಆಮೇಲೆ ಎಂದೆಂದಿಗೂ ಬೇರೆ ಬಕೆಟ್ಟಿನಲ್ಲೇ.

ನೀರಿನ ಉಪ್ಪು ಅಳೆಯಲು ರಿಫ್ರ್ಯಾಕ್ಟೊಮೀಟರ್ ಇದೆ. ಗಾಜಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಳ ಮುಚ್ಚಿ, ಬೆಳಕಿನ ಕಡೆ ಹಿಡಿದು ನೋಡು. ನೀಲಿಯೂ ಬಿಳಿಯೂ ಸೇರುವ ಗೆರೆ 35ರ ಗುರುತಿನ ಮೇಲೆ ಇರಬೇಕು, ಅಂದರೆ ಸಾವಿರ ಭಾಗದಲ್ಲಿ 35 ಭಾಗ ಉಪ್ಪು. ಪಕ್ಕದ ಸಾಪೇಕ್ಷ ಸಾಂದ್ರತೆಯ ಪಟ್ಟಿಯಲ್ಲಿ ಅದು 1.026. ಉಪಕರಣ ಸರಿಯಿದೆಯೇ ಎಂದು ತಿಂಗಳಿಗೊಮ್ಮೆ 35ರ ಅಳತೆದ್ರಾವಣ ಬಿಟ್ಟು ನೋಡಬೇಕು. ಶುದ್ಧ ನೀರಿಗೆ ಸೊನ್ನೆ ತೋರಿಸಿದ ಮಾತ್ರಕ್ಕೆ 35ರ ಹತ್ತಿರವೂ ಅದು ನಿಜ ಹೇಳುತ್ತದೆ ಎಂದೇನಿಲ್ಲ.

ಕಲ್ಲು 10ರಿಂದ 12 ಕಿಲೋ, ತೂತುತೂತಾದ ಒಣ ರೀಫ್ ಕಲ್ಲು. ಸಮುದ್ರದಿಂದ ಬಂದ ಜೀವಂತ ಕಲ್ಲೂ ಸಿಗುತ್ತದೆ, ಬ್ಯಾಕ್ಟೀರಿಯಾ ಜೊತೆಗೇ ಬರುತ್ತವೆ, ಆದರೆ ಬೇಡದ ಏಡಿ, ಹುಳು, ಕುಟುಕುವ ಪುಟ್ಟ ಅನಿಮೋನಿ ಎಂಬ ಹೂವಿನಂಥ ಜೀವಿಗಳೂ ಬರುತ್ತವೆ. ಮೊದಲ ತೊಟ್ಟಿಗೆ ನನ್ನ ಮತ ಒಣಕಲ್ಲಿಗೇ. ಕಲ್ಲನ್ನು ನೇರ ಗಾಜಿನ ತಳದ ಮೇಲೆ ಕೂರಿಸಬೇಕು, ಅದರ ಸುತ್ತ ಆಮೇಲೆ 10 ಕಿಲೋ ಅರಗೊನೈಟ್ ಎಂಬ ಸುಣ್ಣದ ಮರಳು, ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ. ಮರಳಿನ ಮೇಲೆ ಕಲ್ಲಿಟ್ಟರೆ ಬಿಲ ತೋಡುವ ಗೋಬಿ ಮೀನು ಒಂದು ರಾತ್ರಿ ಗುಡ್ಡವನ್ನೇ ಉರುಳಿಸೀತು, ತನ್ನ ಮೇಲೋ ಗಾಜಿನ ಮೇಲೋ.

ಇನ್ನೊಂದು, ಇದನ್ನು ಮರೆಯಬೇಡ: ಸಮುದ್ರದ ಕಲ್ಲನ್ನು ಯಾರೂ ಎಂದೂ ಕುದಿಸಬಾರದು. ಜೊವಾಂತಿಡ್ ಎಂಬ ಗುಂಡಿಯಾಕಾರದ ಜೀವಿಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಕುದಿಸಿದರೆ ಅದು ಆವಿಯೊಂದಿಗೆ ಮೂಗಿಗೆ ಬರುತ್ತದೆ. ಹವಳ ತರುವ ಕಾಲ ಬಂದಾಗಲೂ ಮುಟ್ಟುವುದು ನಾನು, ಕೈಗವಸು ಕನ್ನಡಕ ಹಾಕಿಕೊಂಡು.

ನೀರು ನಿಂತಿರಬಾರದು. ಗಂಟೆಗೆ 1500ರಿಂದ 2000 ಲೀಟರ್ ತಳ್ಳುವ ಪವರ್‌ಹೆಡ್ ಪಂಪು ಒಂದು ಸಾಕು, ಅದರ ಬಾಯಿ ಸ್ವಲ್ಪ ಮೇಲಕ್ಕಿದ್ದು ನೀರಿನ ಮೇಲ್ಮೈ ನಡುಗುತ್ತಿರಬೇಕು. ಗಾಳಿ ಒಳಸೇರುವುದೇ ಅಲ್ಲಿಂದ. 1846ರಲ್ಲಿ ಆ್ಯನಾ ಥಿನ್ ಎಂಬಾಕೆ ಕಡಲತೀರದಿಂದ ಲಂಡನ್ನಿಗೆ ಹವಳಜೀವಿಗಳನ್ನು ತಂದು ಮನೆಯಲ್ಲಿ ಬದುಕಿಸಿದಳು. ಪಂಪಿರಲಿಲ್ಲ, ನೀರನ್ನು ಪಾತ್ರೆಯಿಂದ ಪಾತ್ರೆಗೆ ತೆರೆದ ಕಿಟಕಿಯ ಮುಂದೆ ಸುರಿಸುರಿಸಿಯೇ ಗಾಳಿ ಸೇರಿಸುತ್ತಿದ್ದದ್ದು. ನಮಗೆ ಪ್ಲಗ್ ಹಾಕಿದರಾಯಿತು. ಆದರೆ ಪ್ಲಗ್ಗಿಗೆ ಹೋಗುವ ತಂತಿ ಮೊದಲು ಸಾಕೆಟ್ಟಿಗಿಂತ ಕೆಳಗೆ ಜೋತು, ಆಮೇಲೆ ಮೇಲೇರಬೇಕು. ತಂತಿಯ ಮೇಲೆ ಹರಿದ ನೀರು ಆ ಜೋತ ಜಾಗದಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಏರುವುದಿಲ್ಲ. ಪ್ಲಗ್ಗುಗಳನ್ನು ನೀನು ಮುಟ್ಟುವಂತಿಲ್ಲ.

100 ವಾಟಿನ ಹೀಟರು, ಜೊತೆಗೆ ಬೇರೆಯೇ ಒಂದು ಥರ್ಮಾಮೀಟರು. 25-26 ಡಿಗ್ರಿ ಇರಬೇಕು. ಹೀಟರಿನ ಗುಂಡಿಯ ಮೇಲಿನ ಅಂಕಿಯನ್ನು ನಂಬಬೇಡ; ಹೀಟರುಗಳು ಕೆಡುವಾಗ ಎಷ್ಟೋ ಸಲ ಆರದೆ ಉರಿಯುತ್ತಲೇ ಇರುತ್ತವೆ. ಸೆಕೆಗಾಲದಲ್ಲಿ ಸಮಸ್ಯೆ ಉಲ್ಟಾ, ಆಗ ನೀರಿನ ಮೇಲ್ಮೈಗೆ ಫ್ಯಾನ್ ಬೀಸಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ.

ಇನ್ನು ಕಾಯುವ ಕೆಲಸ. ಮೀನು ಕಿವಿರುಗಳಿಂದ ಅಮೋನಿಯಾ ಬಿಡುತ್ತದೆ, ಅದು ಅದಕ್ಕೇ ವಿಷ. ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 8.2 ಇರುವ ಸಮುದ್ರದ ನೀರಿನಲ್ಲಿ ಅದರ ವಿಷಭಾಗ ಸಾದಾ ನೀರಿಗಿಂತ ಹೆಚ್ಚು. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಅಪಾಯವಲ್ಲ, ನೀರು ಬದಲಿಸಿ ಹೊರಹಾಕಬಹುದು. ಈ ಬ್ಯಾಕ್ಟೀರಿಯಾಗಳು ಕಲ್ಲಿನ ತೂತುಗಳಲ್ಲಿ ಮನೆಮಾಡಬೇಕು, ಹೊಟ್ಟೆಗೆ ಅಮೋನಿಯಾ ಸಿಕ್ಕರೆ ಮಾತ್ರ ಬೆಳೆಯುತ್ತವೆ. ಹಾಗಾಗಿ ಬಾಟಲಿಯ ಬ್ಯಾಕ್ಟೀರಿಯಾ ಸುರಿದು, ನಾನು 0.6 ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕುತ್ತೇನೆ. 100 ಲೀಟರಿಗೆ ಅದು ಸುಮಾರು 2 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಎರಡು ಭಾಗ ಅಮೋನಿಯಾ. ಪಾಪದ ಮೀನೊಂದನ್ನು ಬಿಟ್ಟು ಅದರ ಉಸಿರಿನಿಂದ ತೊಟ್ಟಿ ಪಳಗಿಸುವ ಹಳೆಯ ಪದ್ಧತಿ ನಮಗೆ ಬೇಡ.

ಎರಡು ದಿನಕ್ಕೊಮ್ಮೆ ಪರೀಕ್ಷಾ ಕೊಳವೆಯಲ್ಲಿ ಬಣ್ಣ ನೋಡಿ ಬರೆಯುವುದು ನಿನ್ನ ಪಾಲು. ಮೊದಲು ಏನೂ ಆಗುವುದಿಲ್ಲ, ಅಮೋನಿಯಾ ಅಲ್ಲೇ ಕೂತಿರುತ್ತದೆ. ಆಮೇಲೆ ಅದು ಇಳಿದು ನೈಟ್ರೈಟ್ ಏರುತ್ತದೆ, ಕೊನೆಗೆ ಅದೂ ಇಳಿಯುತ್ತದೆ. ನಾಲ್ಕರಿಂದ ಆರು ವಾರ. ಮತ್ತೆ 2 ಪಿಪಿಎಂ ಹಾಕಿ, 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದರೆ ತೊಟ್ಟಿ ಸಿದ್ಧ. ನಡುವೆ ಒಂದು ದಿನ ಮರಳೆಲ್ಲ ಕಂದು ಪುಡಿ ಎರಚಿದಂತೆ ಕಾಣುತ್ತದೆ. ಗಾಬರಿಯಾಗಬೇಡ, ಅದು ಡಯಾಟಂ ಎಂಬ ಸೂಕ್ಷ್ಮ ಪಾಚಿ, ಸಿಲಿಕೇಟ್ ತಿಂದು ಬೆಳೆದು ತಾನೇ ಹೋಗುತ್ತದೆ.

ನಿನ್ನ ಇನ್ನೊಂದು ಕೆಲಸ ದಿನವೂ ಇದೆ. ನೀರು ಆರುತ್ತದೆ, ಉಪ್ಪು ಆರುವುದಿಲ್ಲ. 100 ಲೀಟರಿನಲ್ಲಿ 6 ಲೀಟರ್ ಆರಿದರೆ 35 ಇದ್ದದ್ದು 37 ದಾಟುತ್ತದೆ. ಇಳಿದಷ್ಟನ್ನೂ ಉಪ್ಪಿಲ್ಲದ ಆರ್‌ಒ ಡಿಐ ನೀರಿನಿಂದಲೇ ತುಂಬಬೇಕು. ಅಲ್ಲಿಗೆ ಉಪ್ಪುನೀರು ಸುರಿದರೆ ದಿನದಿನಕ್ಕೂ ಉಪ್ಪು ಹೆಚ್ಚುತ್ತಲೇ ಹೋಗುತ್ತದೆ. ಸಮುದ್ರದ ಮೀನಿನ ಮೈಯಿಂದ ನೀರು ಸದಾ ಹೊರಗೆ ಸೋರುತ್ತಿರುತ್ತದೆ, ಅದನ್ನು ತುಂಬಿಕೊಳ್ಳಲು ಅದು ದಿನವಿಡೀ ನೀರು ಕುಡಿಯುತ್ತದೆ ಗೊತ್ತಾ? ನೀರಿನಲ್ಲಿದ್ದೂ ಬಾಯಾರಿಕೆ!

ಮೊದಲ ಮೀನುಗಳು ಎರಡು ಎಳೆಯ ಕ್ಲೌನ್‌ಗಳು, ತೊಟ್ಟಿಯಲ್ಲೇ ಹುಟ್ಟಿ ಬೆಳೆದವು. ಒಂದು ಇನ್ನೊಂದಕ್ಕಿಂತ ತುಸು ದೊಡ್ಡದಿರಲಿ. ಹುಟ್ಟುವಾಗ ಎಲ್ಲವೂ ಗಂಡೇ, ಜೋರಿನದು ಹೆಣ್ಣಾಗುತ್ತದೆ. ಅನಿಮೋನಿ ಈಗ ಬೇಡ, ಅದಕ್ಕೆ ತೊಟ್ಟಿ ಕಡಿಮೆಯೆಂದರೆ ಆರೇಳು ತಿಂಗಳು ಹಳೆಯದಾಗಬೇಕು, ಕ್ಲೌನ್‌ಗಳಿಗೆ ಅದಿಲ್ಲದೆಯೂ ನಡೆಯುತ್ತದೆ. ನೀನು ಚಿತ್ರದಲ್ಲಿ ಬೆರಳಿಟ್ಟು ತೋರಿಸಿದ ಆ ನೀಲಿ ಟ್ಯಾಂಗ್ 30 ಸೆಂಟಿಮೀಟರ್ ತನಕ ಬೆಳೆಯುತ್ತದೆ, ನಮ್ಮ ತೊಟ್ಟಿಯ ಅರ್ಧ ಉದ್ದ. ಮ್ಯಾಂಡರಿನ್ ಮೀನು ಕೊಪೆಪಾಡ್ ಎಂಬ ಸೂಕ್ಷ್ಮ ಜೀವಿಗಳನ್ನು ಹೆಕ್ಕುತ್ತಲೇ ಬದುಕುವಂಥದ್ದು, ಹೊಸ ತೊಟ್ಟಿಯಲ್ಲಿ ಉಪವಾಸ ಸಾಯುತ್ತದೆ. ಎರಡೂ ಇಲ್ಲ. ಮುಂದೆ ಒಂದು ಫೈರ್‌ಫಿಶ್ ಬರಬಹುದು, ಆದರೆ ಅದು ಹಾರುತ್ತದೆ, ಮೇಲೆ ಬಲೆಯ ಮುಚ್ಚಳ ಬೇಕು.

ಮೀನು ಮೊದಲು ನಾಲ್ಕರಿಂದ ಆರು ವಾರ ಪಕ್ಕದ ಚಿಕ್ಕ ತೊಟ್ಟಿಯಲ್ಲಿರುತ್ತದೆ. ಬಿಳಿಚುಕ್ಕೆ ರೋಗ ಒಮ್ಮೆ ದೊಡ್ಡ ತೊಟ್ಟಿಗೆ ಹೊಕ್ಕರೆ ಮೀನುಗಳನ್ನೆಲ್ಲ ಹೊರತೆಗೆದು ಎರಡೂವರೆ ತಿಂಗಳು ಖಾಲಿ ಬಿಡಬೇಕಾಗುತ್ತದೆ, ತಾಮ್ರದ ಔಷಧಿಯನ್ನು ಅಲ್ಲಿ ಹಾಕುವಂತಿಲ್ಲವಲ್ಲ. ದೂರದಿಂದ ಬಂದ ಮೀನಾದರೆ ಚೀಲ ಬಿಚ್ಚಿದ ಮೇಲೆ ತಡಮಾಡಬಾರದು. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ಪಿಎಚ್ ಇಳಿಸಿ ಅಮೋನಿಯಾವನ್ನು ನಿರುಪದ್ರವಿ ಮಾಡಿಟ್ಟಿರುತ್ತದೆ. ಬಿಚ್ಚಿದೊಡನೆ ಪಿಎಚ್ ಏರಿ ಅದು ವಿಷವಾಗುತ್ತದೆ. ಬಿಚ್ಚದೆಯೇ 15-20 ನಿಮಿಷ ತೇಲಿಸಿ ಬಿಸಿ ಹೊಂದಿಸಿ, ಚಿಕ್ಕ ತೊಟ್ಟಿಯ ಉಪ್ಪನ್ನು ಚೀಲದ ಉಪ್ಪಿಗೆ ಮೊದಲೇ ಸರಿಮಾಡಿಟ್ಟು, ಬಿಚ್ಚಿದ ಕೂಡಲೇ ಮೀನನ್ನು ಬಿಡಬೇಕು. ಚೀಲದ ನೀರು ಚರಂಡಿಗೆ.

ಊಟ ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು. ಪಾಪ ಅಂತ ಇನ್ನೊಂದು ಚಿಟಿಕೆ ಹಾಕಿದರೆ ಅದು ನಾಳೆಯ ಪಾಚಿ. ಎರಡು ವಾರಕ್ಕೊಮ್ಮೆ 10 ಲೀಟರ್ ತೆಗೆದು, ಅಷ್ಟೇ ಬಿಸಿಯ, ಅಷ್ಟೇ ಉಪ್ಪಿನ ಹೊಸ ನೀರು ಹಾಕೋಣ.

ಕೈ ಹಾಕುವ ಮೊದಲು ಬರೀ ನೀರಿನಲ್ಲಿ ಮೊಣಕೈವರೆಗೆ ತೊಳೆ, ಸೋಪು ಬೇಡ, ಕ್ರೀಮ್ ಹಚ್ಚಿದ್ದರೆ ಅವತ್ತು ಕೈಹಾಕಲೇಬೇಡ. ತೆಗೆದ ಮೇಲೆ ಸೋಪು.

ಸದ್ಯಕ್ಕೆ ಒಂದು ಬಕೆಟ್ಟಿನ ಮೇಲೆ ‘ಉಪ್ಪುನೀರು’, ಇನ್ನೊಂದರ ಮೇಲೆ ‘ಸಿಹಿನೀರು’ ಅಂತ ಅಳಿಸದ ಪೆನ್ನಿನಲ್ಲಿ ಬರೆ. ನೀರು ತುಂಬಿದ ದಿನ ಅದರ ಮಟ್ಟಕ್ಕೆ ಗಾಜಿನ ಹೊರಗೆ ಒಂದು ಟೇಪು ಅಂಟಿಸು. ಪ್ರತಿ ಬೆಳಿಗ್ಗೆ ಆ ಗೆರೆಗೆ ನೀರು ತಂದು ನಿಲ್ಲಿಸಬೇಕಾದವಳು ನೀನೇ.

ನಿನ್ನ ಅಮ್ಮ