ಎಸ್ಟಿಮೇಟ್‌ನಲ್ಲಿ ಡ್ಯುಯಲ್ ಮಾಸ್, ಕಾರಿನಲ್ಲಿ ಸಾಲಿಡ್: ಫ್ಲೈವೀಲ್ ಬದಲಾವಣೆ ಕುರಿತು ದೂರು

ಗೆ,
ಸರ್ವೀಸ್ ಮ್ಯಾನೇಜರ್ ಅವರಿಗೆ

ವಿಷಯ: ಸ್ಕೋಡಾ ಆಕ್ಟೇವಿಯಾ 2.0 ಟಿಡಿಐ, 6 ಗೇರ್ ಮ್ಯಾನ್ಯುಯಲ್ ಕಾರಿಗೆ ನಮ್ಮ ಒಪ್ಪಿಗೆ ಪಡೆಯದೆ ಸಾಲಿಡ್ ಫ್ಲೈವೀಲ್ (ಎಂಜಿನ್ ಮತ್ತು ಕ್ಲಚ್ ನಡುವೆ ತಿರುಗುವ, ಒಂದೇ ತುಂಡಿನ ಭಾರದ ಚಕ್ರ) ಮತ್ತು ಅದಕ್ಕೆ ಹೊಂದದ ಕ್ಲಚ್ ಪ್ಲೇಟ್ ಹಾಕಿರುವ ಬಗ್ಗೆ.

ಮಾನ್ಯರೇ,

ನಮ್ಮ ಕಚೇರಿಯ ಈ ಕಾರನ್ನು ಕ್ಲಚ್ ಸ್ಲಿಪ್ ಆಗುತ್ತಿದೆಯೆಂದು ನಿಮ್ಮ ವರ್ಕ್‌ಶಾಪ್‌ಗೆ ಬಿಟ್ಟಿದ್ದೆವು. ನಿಮ್ಮ ಎಸ್ಟಿಮೇಟ್‌ನಲ್ಲಿ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್) ಮತ್ತು ಡ್ಯುಯಲ್ ಮಾಸ್ ಫ್ಲೈವೀಲ್ (ನಡುವೆ ಸ್ಪ್ರಿಂಗ್ ಇರುವ, ಎರಡು ಭಾಗಗಳ ಫ್ಲೈವೀಲ್) ಎಂದು ಸ್ಪಷ್ಟವಾಗಿ ಬರೆದಿತ್ತು, ಅದಕ್ಕೇ ನಾವು ಒಪ್ಪಿಗೆ ಕೊಟ್ಟೆವು. ಬಿಲ್ಲಿನಲ್ಲಿ ಮಾತ್ರ ‘ಫ್ಲೈವೀಲ್ ಅಸೆಂಬ್ಲಿ – 1’ ಎಂದಷ್ಟೇ ಇದೆ. ಪಾರ್ಟ್ ನಂಬರೂ ಇಲ್ಲ, ಕಂಪನಿ ಹೆಸರೂ ಇಲ್ಲ.

ಕಾರು ತಂದ ದಿನದಿಂದಲೇ ನ್ಯೂಟ್ರಲ್‌ನಲ್ಲಿ ನಿಲ್ಲಿಸಿದರೆ ಗೇರ್‌ಬಾಕ್ಸ್ ಕಡೆಯಿಂದ ಕಟಕಟ ಶಬ್ದ. ಕ್ಲಚ್ ಪೆಡಲ್ ಪೂರ್ತಿ ಒತ್ತಿದರೆ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. ಎ.ಸಿ. ಹಾಕಿದಾಗ ಜೋರಾಗುತ್ತದೆ, ಸ್ವಲ್ಪ ರೇಸ್ ಕೊಟ್ಟರೆ ಕಡಿಮೆಯಾಗುತ್ತದೆ. ಐದನೇ ಗೇರಿನಲ್ಲಿ 1300ರ ಆಸುಪಾಸಿನ ಆರ್‌ಪಿಎಂನಿಂದ ಆಕ್ಸಿಲರೇಟರ್ ಒತ್ತಿದರೆ ನೆಲದ ಹಲಗೆಯೇ ಗುಂಯ್‌ಗುಡುತ್ತದೆ. ಶಿರಾಡಿ ಘಾಟಿ ಹತ್ತುವಾಗ ಇದು ಸಹಿಸಲಾಗದ ಮಟ್ಟಕ್ಕೆ ಹೋಗುತ್ತದೆ.

ನಿಮ್ಮ ಅಡ್ವೈಸರ್ ಮೊದಲು ‘ಡೀಸೆಲ್ ಗಾಡಿ ಅಂದ್ರೆ ಶಬ್ದ ಇರತ್ತೆ ಸರ್’ ಎಂದರು, ಆಮೇಲೆ ರಿಲೀಸ್ ಬೇರಿಂಗ್ ಇರಬಹುದು ಎಂದರು. ಸವೆದ ರಿಲೀಸ್ ಬೇರಿಂಗ್ ಸಾಮಾನ್ಯವಾಗಿ ಪೆಡಲ್ ಒತ್ತಿದಾಗ ಕೂಗುತ್ತದೆ. ನಮ್ಮ ಕಾರಿನಲ್ಲಿ ಆಗುತ್ತಿರುವುದು ಅದಕ್ಕೆ ಉಲ್ಟಾ. ಇನ್‌ಪುಟ್ ಶಾಫ್ಟ್ (ಕ್ಲಚ್‌ನಿಂದ ಗೇರ್‌ಬಾಕ್ಸಿಗೆ ಹೋಗುವ ದಂಡ) ಬೇರಿಂಗ್ ಹೋಗಿದ್ದರೆ ಪೆಡಲ್ ಬಿಟ್ಟಾಗ ಶಬ್ದ ಬರುವುದು ನಿಜ, ಆದರೆ ಅದು ಒಂದೇ ಸಮನೆ ಗೊರಗೊರ ಅನ್ನುತ್ತದೆ, ಆರ್‌ಪಿಎಂ ಏರಿದಂತೆ ಏರುತ್ತದೆ. ಇಲ್ಲಿರುವುದು ಐಡಲಿಂಗ್‌ನಲ್ಲೇ ಹೆಚ್ಚಿರುವ ಒಣ ಶಬ್ದ, ಅಂದರೆ ಗೇರ್ ಹಲ್ಲುಗಳು ಒಂದಕ್ಕೊಂದು ಬಡಿಯುತ್ತಿವೆ.

ಯಾಕೆ ಬಡಿಯುತ್ತಿವೆ ಎಂಬುದಕ್ಕೆ ಉತ್ತರ ನಿಮ್ಮ ಟೆಕ್ನಿಷಿಯನ್ ‘ಹೊಸ ಕ್ಲಚ್ ಫಿಟ್ ಆಗ್ತಿದೆ’ ಎಂದು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋದಲ್ಲೇ ಇದೆ. ಎಂಜಿನ್‌ಗೆ ಬಿಗಿದಿರುವುದು ಒಂದೇ ತುಂಡಿನ ಫ್ಲೈವೀಲ್. ಡ್ಯುಯಲ್ ಮಾಸ್ ಆಗಿದ್ದರೆ ಎರಡು ಭಾಗಗಳ ನಡುವಿನ ಸಂದು ಅಂಚಿನಲ್ಲಿ ಕಾಣಬೇಕಿತ್ತು. ಅದರ ಮುಂದೆ ಹಿಡಿದಿರುವ ಕ್ಲಚ್ ಪ್ಲೇಟಿನ ಹಬ್ (ನಡುಭಾಗ) ಸುತ್ತ ಸ್ಪ್ರಿಂಗ್ ಕೂರುವ ಕಿಟಕಿಗಳೂ ಇಲ್ಲ. ನಡುವೆ ಸ್ಪ್ಲೈನ್ (ಶಾಫ್ಟ್ ಕೂರುವ ಹಲ್ಲುಗಳು), ಸುತ್ತ ರಿವೆಟ್, ಅಷ್ಟೇ. ಅದು ಡ್ಯುಯಲ್ ಮಾಸ್ ಜೊತೆ ಬರುವ, ಸ್ಪ್ರಿಂಗ್ ಇಲ್ಲದ ರಿಜಿಡ್ ಪ್ಲೇಟ್.

ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಫೈರ್ ಆಗುತ್ತದೆ. 800 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 27 ಹೊಡೆತ. ಡ್ಯುಯಲ್ ಮಾಸ್‌ನಲ್ಲಿ ಈ ಹೊಡೆತವನ್ನು ಎರಡು ಭಾಗಗಳ ನಡುವೆ ಗ್ರೀಸ್‌ನಲ್ಲಿ ಕೂತಿರುವ ಉದ್ದನೆಯ ಬಾಗಿದ ಸ್ಪ್ರಿಂಗ್‌ಗಳು ನುಂಗುತ್ತವೆ, ಆದ್ದರಿಂದ ಪ್ಲೇಟಿನಲ್ಲಿ ಸ್ಪ್ರಿಂಗ್ ಬೇಕಾಗುವುದಿಲ್ಲ. ಸಾಲಿಡ್ ಹಾಕಿದರೆ ಆ ಕೆಲಸ ಪ್ಲೇಟಿನ ಹಬ್‌ನಲ್ಲಿರುವ ಸ್ಪ್ರಿಂಗ್‌ಗಳದ್ದು. ನೀವು ಸಾಲಿಡ್ ಫ್ಲೈವೀಲಿಗೆ ರಿಜಿಡ್ ಪ್ಲೇಟ್ ಹಾಕಿದ್ದೀರಿ, ಹಾಗಾಗಿ ಸ್ಪ್ರಿಂಗ್ ಎಲ್ಲಿಯೂ ಇಲ್ಲ. 320 ನ್ಯೂಟನ್ ಮೀಟರ್ ಟಾರ್ಕಿನ ಡೀಸೆಲ್ ಎಂಜಿನ್ನಿನ ಹೊಡೆತ ನೇರವಾಗಿ ಇನ್‌ಪುಟ್ ಶಾಫ್ಟಿನ ಸ್ಪ್ಲೈನ್, ಬೇರಿಂಗ್, ಸಿಂಕ್ರೊಗಳಿಗೆ (ಗೇರ್ ಸರಾಗವಾಗಿ ಬೀಳಿಸುವ ರಿಂಗ್‌ಗಳಿಗೆ) ಹೋಗುತ್ತಿದೆ. ಇವತ್ತು ಶಬ್ದ ಮಾತ್ರ, ಹೀಗೇ ಓಡಿಸಿದರೆ ಮುಂದಿನ ಬಿಲ್ಲು ಗೇರ್‌ಬಾಕ್ಸಿನದ್ದು.

ಸಾಲಿಡ್ ಫ್ಲೈವೀಲೇ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಹೊಂದುವ ಸ್ಪ್ರಿಂಗ್ ಪ್ಲೇಟು, ಪ್ರೆಶರ್ ಪ್ಲೇಟು ಸಮೇತ ಬರುವ ಕನ್ವರ್ಶನ್ ಕಿಟ್‌ಗಳನ್ನು ವಾಲಿಯೊದಂಥ ಹೆಸರಾಂತ ತಯಾರಕರೇ ಮಾರುತ್ತಾರೆ. ಸಾಲಿಡ್ ಫ್ಲೈವೀಲಿನ ಒಳಗೆ ಸವೆಯುವ ಸ್ಪ್ರಿಂಗ್ ಇಲ್ಲದ್ದರಿಂದ ಮುಂದಿನ ಕ್ಲಚ್ ಬದಲಾವಣೆಗೆ ಅದು ಅಗ್ಗ. ದಿನವಿಡೀ ನಗರದ ಟ್ರಾಫಿಕ್ಕಿನಲ್ಲಿ ಓಡುವ ಬಾಡಿಗೆ ಕಾರಿನ ಮಾಲೀಕರು ಸ್ವಲ್ಪ ಕಂಪನ ಸಹಿಸಿಕೊಂಡು ಅದನ್ನೇ ಆರಿಸಿಕೊಂಡರೆ ತಪ್ಪಿಲ್ಲ. ಕಡಿಮೆ ಆರ್‌ಪಿಎಂನಲ್ಲಿ ಎತ್ತರದ ಗೇರಿನಲ್ಲಿ ಘಾಟಿ ಹತ್ತುವ ನಮ್ಮ ಬಳಕೆಗೆ ಅದು ಬೇಡ ಎಂದೇ ನಾವು ಡ್ಯುಯಲ್ ಮಾಸ್ ಎಸ್ಟಿಮೇಟ್ ಒಪ್ಪಿದ್ದು. ಆರಿಸುವ ಹಕ್ಕು ಗಿರಾಕಿಯದ್ದು. ಆರಿಸಿದ ಮೇಲೂ ಕಿಟ್ ಪೂರ್ತಿಯಾಗಿ ಹಾಕಬೇಕು, ಅರ್ಧ ಇದು ಅರ್ಧ ಅದು ಮಾಡುವಂತಿಲ್ಲ.

ಹಳೆಯ ಫ್ಲೈವೀಲ್ ನಿಜವಾಗಿ ಹೋಗಿತ್ತೇ ಎಂಬುದೂ ಈಗ ಅನುಮಾನ. ‘ಕೈಯಲ್ಲಿ ತಿರುಗಿಸಿದ್ರೆ ಆಡ್ತಿತ್ತು’ ಎಂಬುದೇ ನೀವು ಕೊಟ್ಟ ಕಾರಣ. ಡ್ಯುಯಲ್ ಮಾಸ್ ಆಡಲೇಬೇಕು, ಆಡದಿದ್ದರೆ ಅದು ಜಾಮ್ ಆಗಿದೆ ಎಂದರ್ಥ. ನೋಡಬೇಕಾದದ್ದು ಸ್ಪ್ರಿಂಗ್ ತಡೆಯುವ ಮುನ್ನ ಅದು ಎಷ್ಟು ಸುಲಭವಾಗಿ ತಿರುಗುತ್ತದೆ, ಹಿಂದೆ ಮುಂದೆ ಎಷ್ಟು ವಾಲುತ್ತದೆ ಎಂಬುದನ್ನು. ಎರಡನ್ನೂ ಅಳೆದು ಆ ಪಾರ್ಟ್ ನಂಬರಿಗೆ ತಯಾರಕರು ಕೊಟ್ಟ ಮಿತಿಯೊಂದಿಗೆ ಹೋಲಿಸಬೇಕು. ಗ್ರೀಸ್ ಹೊರಚೆಲ್ಲಿದೆಯೇ, ಮೇಲ್ಮೈ ನೀಲಿಗಟ್ಟಿದೆಯೇ, ಬಿರುಕಿದೆಯೇ ಎಂದೂ ನೋಡಬೇಕು. ಜಾಬ್ ಕಾರ್ಡಿನಲ್ಲಿ ಇದರ ಒಂದು ಸಾಲೂ ಇಲ್ಲ. ಹಳೆಯ ಭಾಗಗಳನ್ನು ಕೇಳಿದರೆ ‘ಸ್ಕ್ರ್ಯಾಪ್‌ಗೆ ಹೋಯ್ತು’ ಎಂಬ ಉತ್ತರ.

ನಮ್ಮ ಬೇಡಿಕೆ ಇಷ್ಟು. ಗೇರ್‌ಬಾಕ್ಸ್ ನಿಮ್ಮ ಖರ್ಚಿನಲ್ಲೇ ಇಳಿಸಿ, ಈ ಎಂಜಿನ್ ನಂಬರಿಗೆ ಹೊಂದುವ ಡ್ಯುಯಲ್ ಮಾಸ್ ಫ್ಲೈವೀಲ್ ಮತ್ತು ಅದರದ್ದೇ ಕ್ಲಚ್ ಕಿಟ್ ಹಾಕಿಕೊಡಿ, ಡಬ್ಬಿಯ ಮೇಲಿನ ಪಾರ್ಟ್ ನಂಬರ್ ಬಿಲ್ಲಿನಲ್ಲಿ ಬರಲಿ. ಫ್ಲೈವೀಲ್ ಬೋಲ್ಟ್‌ಗಳು ಹೊಸವೇ ಆಗಬೇಕು. ಅವು ಬಿಗಿಯುವಾಗಲೇ ಹಿಗ್ಗುವಂಥವು, ಎರಡನೇ ಸಲಕ್ಕೆ ನಂಬುವಂತಿಲ್ಲ. ಇಂಪ್ಯಾಕ್ಟ್ ಗನ್ ಬೇಡ, ಟಾರ್ಕ್ ವ್ರೆಂಚ್ ಮತ್ತು ಡಿಗ್ರಿ ಗೇಜ್ ಹಿಡಿದು ಸರ್ವೀಸ್ ಮ್ಯಾನ್ಯುಯಲ್ ಹೇಳಿದಂತೆ ಬಿಗಿಯಿರಿ. ಪ್ರೆಶರ್ ಪ್ಲೇಟ್ ಸೆಲ್ಫ್ ಅಡ್ಜಸ್ಟಿಂಗ್ (ಕ್ಲಚ್ ಸವೆದಂತೆ ತಾನೇ ಹೊಂದಿಕೊಳ್ಳುವಂಥದ್ದು) ಆಗಿದ್ದರೆ ಅದರ ವಿಶೇಷ ಟೂಲ್ ಇಲ್ಲದೆ ಕೂರಿಸಬೇಡಿ, ಅಡ್ಜಸ್ಟರ್ ರಿಂಗ್ ಜಾಗ ತಪ್ಪುತ್ತದೆ. ಹೇಗೂ ಬಿಚ್ಚುವುದರಿಂದ ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ ಮತ್ತು ಇನ್‌ಪುಟ್ ಶಾಫ್ಟ್ ಸೀಲ್ ನೋಡಿ. ಅಲ್ಲಿಂದ ಎಣ್ಣೆ ಜಿನುಗಿ ಪ್ಲೇಟಿಗೆ ತಾಗಿದರೆ ಹೊಸ ಕ್ಲಚ್ಚೂ ಸ್ಲಿಪ್ ಆಗುತ್ತದೆ. ಸ್ಪ್ಲೈನ್ ಮತ್ತು ಬೇರಿಂಗ್‌ಗೆ ಏಟು ಬಿದ್ದಿದೆಯೇ ಎಂಬುದನ್ನು ನಮ್ಮವರ ಎದುರೇ ಪರೀಕ್ಷಿಸಿ ಬರೆದುಕೊಡಿ, ಬಿದ್ದಿದ್ದರೆ ಆ ರಿಪೇರಿಯೂ ನಿಮ್ಮದೇ. ಕೊನೆಗೆ ಸ್ಕ್ಯಾನರ್ ಹಾಕಿ ನಾಲ್ಕೂ ಇಂಜೆಕ್ಟರ್‌ಗಳ ಕರೆಕ್ಷನ್ ಅಂಕಿಗಳ (ಪ್ರತಿ ಸಿಲಿಂಡರಿಗೆ ಡೀಸೆಲ್ ಎಷ್ಟು ಹೆಚ್ಚು ಕಡಿಮೆ ಮಾಡಲಾಗುತ್ತಿದೆ ಎಂಬುದರ) ಪ್ರಿಂಟ್ ಕೊಡಿ. ಒಂದು ಇಂಜೆಕ್ಟರ್ ಏರುಪೇರಾಗಿದ್ದರೆ ಹೊಸ ಡ್ಯುಯಲ್ ಮಾಸ್ ಕೂಡ ಬಾಳುವುದಿಲ್ಲ.

ಇದಕ್ಕೆ ನಿಮ್ಮಿಂದ ಆಗದಿದ್ದರೆ ಭಾಗಗಳ ಬೆಲೆ ಮತ್ತು ಲೇಬರ್ ಪೂರ್ತಿ ವಾಪಸ್ ಕೊಡಿ, ನಾವು ಬೇರೆ ಕಡೆ ಮಾಡಿಸಿಕೊಳ್ಳುತ್ತೇವೆ. ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರಬೇಕು. ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಎಸ್ಟಿಮೇಟ್, ಬಿಲ್ಲು, ನಿಮ್ಮ ಟೆಕ್ನಿಷಿಯನ್ನಿನ ಫೋಟೋ, ಪೆಡಲ್ ಒತ್ತಿ ಬಿಟ್ಟಾಗಿನ ಶಬ್ದದ ವಿಡಿಯೋ ಇದರೊಂದಿಗೆ ಇಟ್ಟಿದ್ದೇವೆ. ಅಲ್ಲಿಯವರೆಗೆ ಕಾರು ಓಡಿಸುವುದಿಲ್ಲ, ಟೋ ಮಾಡಿಸಿ ತರಿಸಿಕೊಳ್ಳುವ ವ್ಯವಸ್ಥೆ ನೀವೇ ಮಾಡಬೇಕು.

ಇಂತಿ,
ವಾಹನ ನಿರ್ವಹಣಾ ವಿಭಾಗ