ಬ್ಲೋವರ್ ಕೊಳ್ಳುವ ಮೊದಲು ಎಂಜಿನ್ ಅಳೆಯಿರಿ

ಮಾನ್ಯ ಸಂಪಾದಕರೇ,

ಕಾರಿಗೆ ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಬ್ಲೋವರ್, ಹಾಕಿಸಬೇಕೆಂಬ ಆಸೆ ಕಾರವಾರ, ಕುಮಟಾ, ಶಿರಸಿ ಕಡೆಯ ತರುಣರಲ್ಲೂ ಇದೆ. ಆಸೆ ತಪ್ಪಲ್ಲ. ಆದರೆ ಬ್ಲೋವರಿಗೆ ಹಣ ಹೊಂದುವವರೆಗೆ ಸುಮ್ಮನೆ ಯಾಕಿರಬೇಕು ಎಂದು ದೊಡ್ಡ ಸೈಲೆನ್ಸರ್, ರೇಸ್ ಕ್ಯಾಮ್ (ವಾಲ್ವ್ ತೆರೆಯುವ ದಂಡ), ಹೈ ಕಂಪ್ರೆಷನ್ ಪಿಸ್ಟನ್ ಹೀಗೆ ಒಂದೊಂದಾಗಿ ಹಾಕಿಸುತ್ತ ಹೋಗುತ್ತಾರೆ. ಎಡವಟ್ಟಾಗುವುದು ಇಲ್ಲೇ. ತಾನಾಗಿ ಗಾಳಿ ಎಳೆದುಕೊಳ್ಳುವ ಎಂಜಿನ್ನಿಗೆ ಬಲ ಕೊಡುವ ಎಷ್ಟೋ ಭಾಗಗಳು, ಗಾಳಿಯನ್ನು ಒತ್ತಿ ತುಂಬಿದ ಎಂಜಿನ್ನಿಗೆ ಮುಳುವಾಗುತ್ತವೆ. ಯಾವ ಬ್ಲೋವರ್, ಎಷ್ಟು ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ) ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ಉಳಿದ ಭಾಗಗಳನ್ನು ಅದಕ್ಕೆ ತಕ್ಕಂತೆ ಆರಿಸಬೇಕು.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಕ್ಕೂ ಆರ್‌ಸಿ ಪುಸ್ತಕಕ್ಕೂ ಹೊಂದದ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಲ್ಲಿ ಇಂಥ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಇದೆ. ಆದ್ದರಿಂದ ಕೆಎ-30, ಕೆಎ-31, ಕೆಎ-47 ಯಾವ ನಂಬರಿನ ಕಾರೇ ಇರಲಿ, ಆರ್‌ಟಿಓ ಕಚೇರಿಯಿಂದ ಬರಹದಲ್ಲಿ ಒಪ್ಪಿಗೆ ಇಲ್ಲದೆ ಅದನ್ನು ರಸ್ತೆಗಿಳಿಸಬಾರದು. ವಿಮಾ ಕಂಪನಿಗೂ ತಿಳಿಸಿರಬೇಕು. ಮುಂದೆ ಬರೆದಿರುವುದೆಲ್ಲ ಅಂಥ ಒಪ್ಪಿಗೆ ಪಡೆದ ಅಥವಾ ಟ್ರ್ಯಾಕಿಗೆಂದೇ ಮೀಸಲಿಟ್ಟ ಕಾರುಗಳಿಗೆ.

ಮೊದಲ ಖರ್ಚು ಕಂಪ್ರೆಷನ್ ಟೆಸ್ಟಿಗಾಗಲಿ, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆಂದು ಅಳೆಯುವುದಕ್ಕೆ. ಎಂಜಿನ್ ಬಿಸಿಯಿರುವಾಗ ನಾಲ್ಕೂ ಪ್ಲಗ್ ಬಿಚ್ಚಿ, ಪೆಟ್ರೋಲ್ ಪಂಪಿನ ಫ್ಯೂಸ್ ಮತ್ತು ಇಗ್ನಿಷನ್ ಕಾಯಿಲುಗಳ ಕನೆಕ್ಟರ್ ತೆಗೆದು, ಪ್ಲಗ್ಗಿನ ತೂತಿಗೆ ಒತ್ತಡದ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಪ್ರತಿ ಸಿಲಿಂಡರಿಗೂ ಐದಾರು ಸುತ್ತು ಸೆಲ್ಫ್ ಹೊಡೆಯಿರಿ. ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ರೀಡಿಂಗ್ ನಡುವೆ ಶೇ 10ಕ್ಕಿಂತ ಹೆಚ್ಚು ಅಂತರವಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ರೀಡಿಂಗ್ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಸವೆದ ಎಂಜಿನ್ನಿನ ಮೇಲೆ ಕೂರಿಸಿದ ಬ್ಲೋವರ್ ಆ ಸವಕಳಿಯನ್ನೇ ಬೆಳೆಸುತ್ತದೆ.

ಇನ್ನು ಕಂಪ್ರೆಷನ್ ರೇಷಿಯೋ, ಅಂದರೆ ಪಿಸ್ಟನ್ ಮೇಲೇರಿದಾಗ ಸಿಲಿಂಡರಿನೊಳಗಿನ ಜಾಗ ಎಷ್ಟರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ ಎಂಬ ಲೆಕ್ಕ. ಎಲ್ಲಕ್ಕಿಂತ ಹೆಚ್ಚು ತಪ್ಪು ಆಗುವುದು ಇದರಲ್ಲೇ. ನಮ್ಮ ಕಡೆ ಎಲ್ಲೆಲ್ಲೂ ಇರುವ 1.2 ಲೀಟರ್ ಪೆಟ್ರೋಲ್ ಎಂಜಿನ್ನನ್ನೇ ತೆಗೆದುಕೊಳ್ಳೋಣ: ಬೋರ್ (ಸಿಲಿಂಡರಿನ ಅಗಲ) 73 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 71.5 ಮಿ.ಮೀ., ಒಟ್ಟು 1,197 ಸಿಸಿ. ರೇಷಿಯೋ 11 ಇದೆ ಎಂದುಕೊಳ್ಳಿ. ಸಮುದ್ರಮಟ್ಟದ ಗಾಳಿಯ ಒತ್ತಡ 14.7 ಪಿಎಸ್‌ಐ (ಚದರಿಂಚಿಗೆ ಪೌಂಡ್). ಅದರ ಮೇಲೆ 6 ಪಿಎಸ್‌ಐ ಬೂಸ್ಟ್ ಸೇರಿದರೆ ಒತ್ತಡ 1.41 ಪಟ್ಟಾಗುತ್ತದೆ. ಗ್ಯಾರೇಜಿನ ಒರಟು ಲೆಕ್ಕದಲ್ಲಿ 11ನ್ನು 1.41ರಿಂದ ಗುಣಿಸಿದರೆ 15.5. ಪಂಪಿನಲ್ಲಿ ಸಿಗುವ ಪೆಟ್ರೋಲ್ 12–13ರ ಆಚೆ ನೆಚ್ಚಿಕೆಗೆ ಬರುವುದಿಲ್ಲ. ಕಿಡಿ ಹೊತ್ತಿಸಿದ ಬೆಂಕಿ ಪೂರ್ತಿ ಹಬ್ಬುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. ರೇಷಿಯೋ 9ಕ್ಕಿಳಿದರೆ ಅದೇ ಲೆಕ್ಕ 12.7ಕ್ಕೆ ಬರುತ್ತದೆ, ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣಿಸುವ ಸಾಧನ) ಇದ್ದರೆ ನಿಭಾಯಿಸಬಹುದು.

ರೇಷಿಯೋ ಇಳಿಸಲು ದಪ್ಪ ಹೆಡ್ ಗ್ಯಾಸ್ಕೆಟ್ ಹಾಕಿದರೆ ಸಾಕು ಎನ್ನುವವರಿದ್ದಾರೆ. ಲೆಕ್ಕ ಮಾಡಿ ನೋಡಿ. ಒಂದು ಸಿಲಿಂಡರಿನ ಅಳತೆ 299 ಸಿಸಿ. ರೇಷಿಯೋ 11 ಇರುವಾಗ ಮೇಲೆ ಉಳಿಯುವ ಜಾಗ ಸುಮಾರು 30 ಸಿಸಿ, 9ಕ್ಕೆ ಬೇಕಾದದ್ದು ಸುಮಾರು 37.5 ಸಿಸಿ. ಆ 7.5 ಸಿಸಿಯನ್ನು ಗ್ಯಾಸ್ಕೆಟ್ಟಿನಿಂದಲೇ ತುಂಬಬೇಕೆಂದರೆ ಅದು 1.8 ಮಿ.ಮೀ. ಹೆಚ್ಚು ದಪ್ಪವಾಗಬೇಕು. ಪಿಸ್ಟನ್ ತುದಿಗೂ ಹೆಡ್ಡಿನ ಚಪ್ಪಟೆ ಭಾಗಕ್ಕೂ ನಡುವೆ 1 ಮಿ.ಮೀ. ಆಸುಪಾಸು ಇರಬೇಕಾದ ಸಂದು ಆಗ 3 ಮಿ.ಮೀ. ಹತ್ತಿರ ಹೋಗುತ್ತದೆ. ಆ ಕಿರಿದಾದ ಸಂದಿನಿಂದ ಹಿಂಡಿ ಹೊರಬರುವ ಗಾಳಿಯೇ ಮಿಶ್ರಣವನ್ನು ಕಲಕಿ ಬೇಗ ಉರಿಸುವುದು. ಸಂದು ಅಗಲವಾದರೆ ಆ ಕಲಕಾಟ ನಿಂತು, ರೇಷಿಯೋ ಕಡಿಮೆಯಾದರೂ ನಾಕಿಂಗ್ ಉಳಿದುಬಿಡುತ್ತದೆ. ಸರಿಯಾದ ದಾರಿ ಎಂದರೆ ತಲೆಯಲ್ಲಿ 7.5 ಸಿಸಿ ಹೆಚ್ಚು ಗುಳಿಯಿರುವ ಫೋರ್ಜ್ಡ್ (ಒತ್ತಿ ಬಡಿದು ಮಾಡಿದ) ಪಿಸ್ಟನ್, ಜೊತೆಗೆ ಮೂಲ ದಪ್ಪದ್ದೇ ಪದರದ ಉಕ್ಕಿನ ಗ್ಯಾಸ್ಕೆಟ್. ಆ ಗ್ಯಾಸ್ಕೆಟ್ ಹಿಡಿಯಬೇಕಾದರೆ ಹೆಡ್ಡಿನ ಮೈ ನುಣುಪಾಗಿರಬೇಕು, ಬಾಗು 0.05 ಮಿ.ಮೀ. ಮೀರಿರಬಾರದು. ಹಳೆಯ ಹೆಡ್ ಬೋಲ್ಟುಗಳನ್ನು ಮತ್ತೆ ಬಿಗಿಯಬೇಡಿ, ಅವು ಒಮ್ಮೆ ಹಿಗ್ಗಿರುತ್ತವೆ.

ಪಿಸ್ಟನ್ ಬದಲಾಯಿಸುವಾಗ ರಿಂಗಿನ ಬಾಯಿಯನ್ನು, ಅಂದರೆ ಅದರ ಎರಡು ತುದಿಗಳ ನಡುವಿನ ಸಂದನ್ನು, ಮರೆಯಬಾರದು. ಸಾಮಾನ್ಯ ಎಂಜಿನ್ನಿನಲ್ಲಿ ಮೇಲಿನ ರಿಂಗಿಗೆ ಬೋರಿನ ಸಾವಿರಕ್ಕೆ 4 ಪಾಲು ಸಂದು ಸಾಕು, 73 ಮಿ.ಮೀ. ಬೋರಿಗೆ 0.29 ಮಿ.ಮೀ. ಬೂಸ್ಟ್ ಇದ್ದಲ್ಲಿ ಸಾವಿರಕ್ಕೆ 5.5 ಹಿಡಿದು 0.40 ಮಿ.ಮೀ. ಬಿಡಬೇಕು. ರಿಂಗನ್ನು ಬೋರಿಗಿಳಿಸಿ, ಪಿಸ್ಟನ್ನಿನಿಂದ ನೇರವಾಗಿ ಒಂದಿಂಚು ತಳ್ಳಿ, ಫೀಲರ್ ಗೇಜ್ ಹಾಕಿ ನೋಡಿ. ಸಾಲದಿದ್ದರೆ ಒಂದೇ ತುದಿಯನ್ನು ಅರದಿಂದ ಉಜ್ಜಬೇಕು. ಸಂದು ಕಡಿಮೆಯಾದರೆ ಕಾವಿಗೆ ಹಿಗ್ಗಿದ ರಿಂಗಿನ ಎರಡು ತುದಿಗಳು ಒಂದಕ್ಕೊಂದು ಒತ್ತಿ, ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆದು ಬರುತ್ತದೆ. ಫೋರ್ಜ್ಡ್ ಪಿಸ್ಟನ್ನಿಗೂ ಇದೇ ಗತಿ.

ಕ್ಯಾಮ್ ಹಾಗೇ ಇರಲಿ. ರೇಸ್ ಕ್ಯಾಮಿನಲ್ಲಿ ಇನ್‌ಲೆಟ್, ಎಕ್ಸಾಸ್ಟ್ ವಾಲ್ವ್ ಎರಡೂ ಹೆಚ್ಚು ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಬ್ಲೋವರ್ ತುಂಬಿದ ಗಾಳಿ ಎದುರಿನ ಬಾಗಿಲಿನಿಂದ ಹಾಗೇ ಹೊರಟುಹೋಗುತ್ತದೆ. ಈ ಎಂಜಿನ್ನಿಗೆ 110 ಎಚ್‌ಪಿ ಬಲದ ಗುರಿ ಇಟ್ಟುಕೊಂಡರೆ ಎರಡಿಂಚಿನ ಎಕ್ಸಾಸ್ಟ್ ಪೈಪ್ ಧಾರಾಳ. ಹೊಗೆಯ ವಿಷ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರ್ ತೆಗೆಯಲೇಬಾರದು.

ಪೆಟ್ರೋಲಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿ. ಬೂಸ್ಟ್ ಇರುವ ಎಂಜಿನ್ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಕೇಳುತ್ತದೆ. 110 ಎಚ್‌ಪಿಗೆ ಸುಮಾರು 30 ಕಿಲೋ. ಅದನ್ನು ನಾಲ್ಕು ಇಂಜೆಕ್ಟರಿಗೆ (ಪೆಟ್ರೋಲ್ ಸಿಂಪಡಿಸುವ ನಳಿಕೆಗಳಿಗೆ) ಹಂಚಿ, ಯಾವುದೂ ಶೇ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದೆಂದು ಹಿಡಿದರೆ ಒಂದೊಂದಕ್ಕೆ ನಿಮಿಷಕ್ಕೆ ಸುಮಾರು 210 ಸಿಸಿ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲಿಗೆ ಗಾಳಿ ಕಡಿಮೆ ಸಾಕು, ಅದೇ ಗಾಳಿಗೆ ಇಂಧನ ಶೇ 7–8 ಹೆಚ್ಚು ಬೇಕು. ಹಾಗಾಗಿ 250 ಸಿಸಿ ಇಂಜೆಕ್ಟರ್ ಸರಿ. ‘ಮುಂದಕ್ಕಿರಲಿ’ ಎಂದು 550 ಸಿಸಿಯದನ್ನು ಹಾಕಿದರೆ ಐಡಲಿಂಗ್ ಹಿಡಿತಕ್ಕೆ ಬರುವುದೇ ಕಷ್ಟ. ಪೆಟ್ರೋಲಿನ ಒತ್ತಡ ಕಾಯುವ ರೆಗ್ಯುಲೇಟರ್ ಟ್ಯಾಂಕಿನೊಳಗೇ ಇರುವ ಕಾರುಗಳಲ್ಲಿ ಇನ್ನೊಂದು ತೊಡಕಿದೆ. ಪೈಪಿನಲ್ಲಿ 3 ಬಾರ್ ಒತ್ತಡ ಇದ್ದರೂ ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರಿಗೆ ಗಾಳಿ ಹೋಗುವ ಪೈಪಿನಲ್ಲಿ) 0.41 ಬಾರ್, ಅಂದರೆ 6 ಪಿಎಸ್‌ಐ, ಬೂಸ್ಟ್ ಎದುರು ನಿಂತಾಗ ಇಂಜೆಕ್ಟರಿನ ಹರಿವು ಶೇ 7ರಷ್ಟು ತಗ್ಗುತ್ತದೆ. ಬೂಸ್ಟ್ ಏರಿದಂತೆ ಒತ್ತಡ ಏರಿಸುವ ರೆಗ್ಯುಲೇಟರ್ ಹಾಕಿ, ಇಲ್ಲವೇ ಟ್ಯೂನಿಂಗಿನಲ್ಲಿ (ಎಂಜಿನ್ ಕಂಪ್ಯೂಟರಿನ ಅಂಕಿಗಳನ್ನು ತಿದ್ದುವಾಗ) ಲೆಕ್ಕಕ್ಕೆ ಹಿಡಿಯಿರಿ. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಕಾರಿನ ಮೂಲ ಮ್ಯಾಪ್ ಸೆನ್ಸರ್ ಬೂಸ್ಟನ್ನು ಓದಲಾರದು, 2.5 ಬಾರಿನದು ಬೇಕು. ಪೂರ್ತಿ ಲೋಡಿನಲ್ಲಿ ವೈಡ್‌ಬ್ಯಾಂಡ್ ಮೀಟರ್ ಲ್ಯಾಂಬ್ಡಾ (ಗಾಳಿ–ಪೆಟ್ರೋಲಿನ ಪ್ರಮಾಣ; 1ಕ್ಕಿಂತ ಕಡಿಮೆ ಎಂದರೆ ಪೆಟ್ರೋಲ್ ಹೆಚ್ಚು) 0.80–0.82 ತೋರಿಸಬೇಕು.

ಪ್ಲಗ್ ಒಂದು ಹಂತ ತಣ್ಣನೆಯದಿರಲಿ, ಅಂದರೆ ಕಾವನ್ನು ಬೇಗ ಬಿಡುವಂಥದು. ಎನ್‌ಜಿಕೆ ಕಂಪನಿಯದಾದರೆ 6ರ ಬದಲು 7. ಗ್ಯಾಪ್ 1.1 ಮಿ.ಮೀ. ಇದ್ದದ್ದನ್ನು 0.7–0.8ಕ್ಕೆ ತನ್ನಿ, ಇಲ್ಲವಾದರೆ ಒತ್ತಡಕ್ಕೆ ಕಿಡಿ ಆರಿ ಮಿಸ್ಸಿಂಗ್ ಬರುತ್ತದೆ. ಟೈಮಿಂಗನ್ನು (ಕಿಡಿ ಹಾರುವ ಗಳಿಗೆಯನ್ನು) ಬೂಸ್ಟಿನ ಪ್ರತಿ ಪಿಎಸ್‌ಐಗೆ ಒಂದು ಡಿಗ್ರಿ ತಡವಾಗಿಟ್ಟು ಶುರು ಮಾಡಿ. ಪ್ರತಿ ಓಟದ ಬಳಿಕ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕರಿ ಚುಕ್ಕೆ ಕಂಡರೆ ನಾಕಿಂಗ್ ಆಗುತ್ತಿದೆ. ಆ ಚುಕ್ಕೆಗಳ ನಡುವೆ ಬೆಳ್ಳಿಯ ಹೊಳಪಿನ ಸಣ್ಣ ಗುಂಡುಗಳಿದ್ದರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ, ಕರಗತೊಡಗಿದೆ. ಆ ಕಾರನ್ನು ಮತ್ತೆ ಸ್ಟಾರ್ಟ್ ಮಾಡದೆ ತಳ್ಳಿಕೊಂಡೇ ಗ್ಯಾರೇಜಿಗೆ ಒಯ್ಯಿರಿ.

ನಮ್ಮ ಉತ್ತರ ಕನ್ನಡ ಜಿಲ್ಲೆಗೇ ಸೇರಿದ ಒಂದು ಅಪಾಯವನ್ನು ಒತ್ತಿ ಹೇಳಬೇಕು. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಶೇ 7ರಷ್ಟು ಕಡಿಮೆ. ಬೆಲ್ಟಿನಿಂದ ತಿರುಗುವ ಬ್ಲೋವರ್ ಗಾಳಿಯನ್ನು ಹೆಚ್ಚುಕಡಿಮೆ ಅದೇ 1.41 ಪಟ್ಟು ಒತ್ತುವುದರಿಂದ ಶಿರಸಿಯಲ್ಲಿ ಮ್ಯಾನಿಫೋಲ್ಡಿನ ಒಟ್ಟು ಒತ್ತಡ 133 ಕಿಲೋಪ್ಯಾಸ್ಕಲ್ಲಿಗೆ ನಿಲ್ಲುತ್ತದೆ. ಅದೇ ಕಾರು ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಂದರೆ 143. ಶಿರಸಿಯಲ್ಲಿ ಟ್ಯೂನ್ ಮಾಡಿದವರು ಎಂಜಿನ್ ಕಂಪ್ಯೂಟರಿನ ನಕ್ಷೆಯಲ್ಲಿ ಅಷ್ಟು ಹೆಚ್ಚಿನ ಒತ್ತಡದ ಸಾಲುಗಳನ್ನು ಮುಟ್ಟಿಯೇ ಇರುವುದಿಲ್ಲ. ಅಲ್ಲಿರುವ ಟೈಮಿಂಗ್, ಪೆಟ್ರೋಲ್ ಎರಡೂ ಅಂದಾಜಿನವು. ಘಟ್ಟದ ಮೇಲೆ ಸದ್ದಿಲ್ಲದೆ ಓಡಿದ ಎಂಜಿನ್ ಘಟ್ಟದ ಕೆಳಗೆ ಪಿಸ್ಟನ್ ಒಡೆದುಕೊಳ್ಳುವುದು ಇದರಿಂದ. ಕೊನೆಯ ಟ್ಯೂನಿಂಗ್ ಕರಾವಳಿಯಲ್ಲೇ ಆಗಬೇಕು, ಅದೂ ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ ಆಗಬೇಕು.

ಸೆಕೆಯ ಮಾತು ಸುಮ್ಮನೆ ಹೇಳಿದ್ದಲ್ಲ. 35 ಡಿಗ್ರಿಯ ಗಾಳಿ ಸಾಧಾರಣ ರೂಟ್ಸ್ ಬ್ಲೋವರಿನಲ್ಲಿ (ಎರಡು ರೋಟರ್ ತಿರುಗಿ ಗಾಳಿ ತಳ್ಳುವ ಬಗೆ) 6 ಪಿಎಸ್‌ಐಗೆ ಒತ್ತಿಬಂದಾಗ 85 ಡಿಗ್ರಿ ಆಸುಪಾಸಿಗೆ ಏರಿರುತ್ತದೆ. ಅರಬೈಲ್ ಘಟ್ಟದಲ್ಲಿ ಲೋಡ್ ಲಾರಿಯ ಹಿಂದೆ ಎರಡನೇ ಗೇರಿನಲ್ಲಿ ತೆವಳುವಾಗ ಎದುರುಗಾಳಿಯೇ ಇರುವುದಿಲ್ಲ. ಹಾಗಾಗಿ ಫ್ಯಾನಿನ ಸುತ್ತ ಕವಚ ಸರಿಯಿರಬೇಕು, ಇಂಟರ್‌ಕೂಲರ್ ರೇಡಿಯೇಟರನ್ನು ಪೂರ್ತಿ ಮುಚ್ಚಿರಬಾರದು. ಕಡಲ ಉಪ್ಪು ಅದರ ಅಲ್ಯೂಮಿನಿಯಂ ರೆಕ್ಕೆಗಳನ್ನು ತಿನ್ನುತ್ತದೆ. ವಾರಕ್ಕೊಮ್ಮೆ ಸಿಹಿನೀರು ಹಾಯಿಸಿ, ಪ್ರೆಷರ್ ಜೆಟ್ ಹಿಡಿಯಬೇಡಿ, ರೆಕ್ಕೆ ಮಡಚುತ್ತದೆ. ತಂಪು ಗಾಳಿ ಸಿಗಲೆಂದು ಏರ್ ಫಿಲ್ಟರನ್ನು ಬಂಪರಿನ ಕೆಳಗೆ ಇಳಿಸುವ ಪದ್ಧತಿ ನಮ್ಮ ಮಳೆಗೆ ಆಗಿಬರುವುದಿಲ್ಲ. ಜುಲೈನಲ್ಲಿ ಹೆದ್ದಾರಿಯ ಮೇಲೆ ನಿಂತ ನೀರನ್ನು ಒಮ್ಮೆ ಎಳೆದರೆ ಸಾಕು, ನೀರನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಫಿಲ್ಟರ್ ಹೆಡ್‌ಲೈಟಿಗಿಂತ ಮೇಲೆಯೇ ಇರಲಿ.

ಎಂಜಿನ್ನಿನ ತಳಭಾಗವಾದ ಕ್ರ್ಯಾಂಕ್‌ಕೇಸಿನ ಹೊಗೆಯನ್ನು ಮ್ಯಾನಿಫೋಲ್ಡಿಗೆ ಬಿಡುವ ಪಿಸಿವಿ ವಾಲ್ವನ್ನು ಸಣ್ಣದೆಂದು ಬಿಟ್ಟುಬಿಡುತ್ತಾರೆ. ಹಿಮ್ಮುಖ ತಡೆಯುವ ವಾಲ್ವ್ ಹಾಕದಿದ್ದರೆ ಬೂಸ್ಟ್ ಆ ದಾರಿಯಿಂದ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಹಿಂದಿನ ಆಯಿಲ್ ಸೀಲನ್ನು ಹೊರತಳ್ಳುತ್ತದೆ. ಆಯಿಲ್ ಕ್ಲಚ್ ಪ್ಲೇಟಿಗೆ ಬಿದ್ದು ಗೇರ್‌ಬಾಕ್ಸ್ ಇಳಿಸುವ ಕೆಲಸ ಬರುತ್ತದೆ.

ಜಿಲ್ಲೆಯ ಗ್ಯಾರೇಜುಗಳಲ್ಲಿ ನಮ್ಮ ವಿನಂತಿ ಇಷ್ಟು. ಬ್ಲೋವರಿಗೆ ಮುಂಗಡ ಹಣ ಪಡೆಯುವ ಮುನ್ನ ಒಂದು ಹಾಳೆಯಲ್ಲಿ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ರೀಡಿಂಗ್, ಇಡಬೇಕೆಂದಿರುವ ರೇಷಿಯೋ, ರಿಂಗಿನ ಸಂದು, ಇಂಜೆಕ್ಟರಿನ ಅಳತೆ, ಸಮುದ್ರಮಟ್ಟದಲ್ಲಿ ಎಷ್ಟು ಬೂಸ್ಟ್ ಎಂಬುದನ್ನು ಬರೆದು ಸಹಿ ಹಾಕಿ ಗಿರಾಕಿಯ ಕೈಗೆ ಕೊಡಿ. ಆ ಹಾಳೆ ಕೊಡಲೊಪ್ಪದ ಕಡೆ ಕಾರಿನ ಬೀಗದ ಕೈ ಕೊಡಬೇಡಿ ಎಂದು ಓದುಗರಲ್ಲಿ ಕೇಳಿಕೊಳ್ಳುತ್ತೇವೆ.

– ಎಂಜಿನ್ ಕೆಲಸಗಾರರು, ಶಿರಸಿ ಮತ್ತು ಕುಮಟಾ