ಮಕ್ಕಳನ್ನು ಕರೆದೊಯ್ಯಲು ಬರುವ ಪೋಷಕರಲ್ಲಿ ಒಂದು ವಿನಂತಿ

ಮಾನ್ಯ ಪೋಷಕರೇ,

ನಮಸ್ಕಾರಗಳು. ಕಳೆದ ತಿಂಗಳು ನಡೆದ ಶಾಲಾ ವಾರ್ಷಿಕೋತ್ಸವದ ರಾತ್ರಿ ನಾನು ಮಾಡಿದ ಒಂದು ತಪ್ಪನ್ನು ತಮ್ಮೆಲ್ಲರ ಮುಂದೆ ಒಪ್ಪಿಕೊಳ್ಳಲು, ಅದು ಮತ್ತೆ ಆಗದಂತೆ ತಮ್ಮ ಸಹಕಾರ ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ಕಾರ್ಯಕ್ರಮ ಮುಗಿದು ಮಕ್ಕಳು ಮನೆಗೆ ಹೊರಡುತ್ತಿದ್ದಾಗ ಒಬ್ಬ ತಂದೆ ತಮ್ಮ ಇಬ್ಬರು ಮಕ್ಕಳನ್ನು ಕರೆದೊಯ್ಯಲು ಬೈಕಿನಲ್ಲಿ ಬಂದರು. ಅವರು ಕುಡಿದಿದ್ದಾರೆಂಬುದು ಗೇಟಿನ ಬಳಿ ನಿಂತಿದ್ದ ನನಗೂ ಪಕ್ಕದಲ್ಲಿದ್ದ ಇಬ್ಬರು ಶಿಕ್ಷಕರಿಗೂ ವಾಸನೆಯಿಂದಲೇ ತಿಳಿಯಿತು. ಚಿಕ್ಕ ಮಗು ಇನ್ನೂ ನೃತ್ಯದ ವೇಷದಲ್ಲೇ ಇತ್ತು. ಅದನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು, ದೊಡ್ಡದನ್ನು ಹಿಂದೆ ಹತ್ತಿಸಿಕೊಂಡು ಅವರು ಹೊರಟುಹೋದರು. ನಾಲ್ಕು ಜನರ ಎದುರು ಅವರಿಗೆ ಅವಮಾನವಾದೀತೆಂಬ ಸಂಕೋಚದಲ್ಲಿ ನಾನು ಬಾಯಿ ಬಿಡಲಿಲ್ಲ. ಮಕ್ಕಳು ಸುರಕ್ಷಿತವಾಗಿ ಮನೆ ಸೇರಿದರು, ಆದರೆ ಅದರಲ್ಲಿ ನನ್ನ ಪಾಲು ಏನೂ ಇರಲಿಲ್ಲ. ಮರುದಿನ ಅವರ ಮನೆಗೆ ಹೋಗಿ ಮಾತನಾಡಿದ್ದೇನೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ.

ನಾನಂತೂ ಹಾಗೆ ಸುಮ್ಮನಿರಬಾರದಿತ್ತು. 2013ರ ಜೂನ್ ಮೊದಲ ವಾರದಲ್ಲಿ ನನ್ನ ತಮ್ಮ, ಆಗಷ್ಟೇ ಎರಡನೇ ತರಗತಿಗೆ ಹೋಗಲು ಶುರುಮಾಡಿದ್ದ ಮಗಳಿಗೆ ಪುಸ್ತಕ ತರಲೆಂದು ಚಿತ್ರದುರ್ಗಕ್ಕೆ ಹೋಗಿ ಸಂಜೆ ಬೈಕಿನಲ್ಲಿ ಮರಳುತ್ತಿದ್ದಾಗ, ಎದುರಿನಿಂದ ಬಂದ ಸರಕು ಗಾಡಿಯೊಂದು ಅವನಿಗೆ ಗುದ್ದಿತು. ಅವನಿಗೆ 34 ವರ್ಷ. ಶವಾಗಾರದ ಹೊರಗೆ ಪೊಲೀಸರು ನನ್ನ ಕೈಗೆ ಕೊಟ್ಟ ಚೀಲದಲ್ಲಿ ಅವನ ಕೈಗಡಿಯಾರ, ಆರು ನೋಟ್‌ಬುಕ್ಕು, ಅವುಗಳಿಗೆ ಬೈಂಡ್ ಹಾಕಲೆಂದು ಕೊಂಡಿದ್ದ ಕಂದು ಕಾಗದದ ಸುರುಳಿ ಇದ್ದವು. ಸುರುಳಿಗೆ ಹಾಕಿದ್ದ ರಬ್ಬರ್ ಬ್ಯಾಂಡ್ ಸಹ ಕಿತ್ತಿರಲಿಲ್ಲ. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಆ ಕಾಗದವನ್ನು ಕತ್ತರಿಸಿ ಆ ಆರು ಪುಸ್ತಕಗಳಿಗೂ ನಾನೇ ಬೈಂಡ್ ಹಾಕಿದೆ.

ಗಾಡಿಯ ಚಾಲಕ ಹೊರಡುವ ಮುನ್ನ ಡಾಬಾವೊಂದರಲ್ಲಿ ಮೂವರು ಗೆಳೆಯರೊಂದಿಗೆ ಎರಡು ಗಂಟೆ ಕುಳಿತು ಕುಡಿದಿದ್ದ. ಮೇಜಿನ ಮೇಲಿದ್ದ ಕೀಯನ್ನು ಎತ್ತಿ ಅವನ ಕೈಗಿತ್ತವನು ಅವರಲ್ಲೇ ಒಬ್ಬ; ‘ನಿಧಾನಕ್ಕೆ ಹೋಗಪ್ಪಾ’ ಎಂದು ಹೇಳಿಯೂ ಕಳಿಸಿದ್ದ. ನಿಧಾನಕ್ಕೆ ಹೋಗು ಎಂದನೆಂದರೆ ಅವನಿಗೂ ಗೊತ್ತಿತ್ತು ಎಂದೇ ಅರ್ಥ. ಚಾಲಕನ ರಕ್ತದ ಮಾದರಿ ತೆಗೆದದ್ದು ಮರುದಿನ ಮಧ್ಯಾಹ್ನ, ಅಷ್ಟು ಹೊತ್ತಿಗೆ ಅದರಲ್ಲಿ ಮದ್ಯದ ಅಂಶ ಉಳಿದಿರಲಿಲ್ಲ. ಕುಡಿದಿದ್ದನೆಂಬುದು ನ್ಯಾಯಾಲಯದಲ್ಲಿ ಸಾಬೀತಾಗಲೇ ಇಲ್ಲ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಅಪರಾಧಕ್ಕೆ ಆಗ ಇದ್ದ ಗರಿಷ್ಠ ಶಿಕ್ಷೆ 2 ವರ್ಷ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 5 ವರ್ಷಕ್ಕೆ ಏರಿದೆ. ಇದು ಸ್ವಾಗತಾರ್ಹವೇ. ಆದರೆ ಶಿಕ್ಷೆ ಬರುವುದು ಜೀವ ಹೋದ ಮೇಲೆ. ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಕೀ ಕೈ ಬದಲಾದ ಆ ಗಳಿಗೆಯಲ್ಲಿ.

100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯವಿದ್ದರೆ ಗಾಡಿ ಓಡಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಕುಡಿದವರನ್ನು ಗಾಡಿ ಓಡಿಸುವಂತೆ ಪ್ರೇರೇಪಿಸಿದವರಿಗೂ ಅದೇ ಶಿಕ್ಷೆಯೆಂದು ಮೋಟಾರು ವಾಹನ ಕಾಯ್ದೆಯ 188ನೇ ಕಲಂ ಹೇಳುತ್ತದೆ. ಮಜ್ಜಿಗೆ ಕುಡಿದರೆ, ನಿಂಬೆಹಣ್ಣು ಚೀಪಿದರೆ, ತಣ್ಣೀರು ಸ್ನಾನ ಮಾಡಿದರೆ ಅಮಲು ಇಳಿಯುತ್ತದೆಂಬ ನಂಬಿಕೆ ನಮ್ಮಲ್ಲಿದೆ, ಅದು ನಿಜವಲ್ಲ. ರಕ್ತದಲ್ಲಿನ ಪ್ರಮಾಣ ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟು ಮಾತ್ರ ಇಳಿಯುತ್ತದೆ, ಏನು ಮಾಡಿದರೂ ಅದು ಅವಸರಪಡುವುದಿಲ್ಲ. ನಡುರಾತ್ರಿ 180 ಮಿಲಿಗ್ರಾಂ ಇದ್ದವರಲ್ಲಿ ಬೆಳಿಗ್ಗೆ 8 ಗಂಟೆಗೂ 60 ಉಳಿದಿರುತ್ತದೆ. ಶಾಲೆಗೆ ಮಕ್ಕಳನ್ನು ಕರೆತರುವ ಆಟೊ ಮತ್ತು ವ್ಯಾನ್ ಚಾಲಕರು ಹಾಗೂ ಅವರನ್ನು ಗೊತ್ತುಮಾಡಿರುವ ಪೋಷಕರು ಈ ಲೆಕ್ಕವನ್ನು ದಯವಿಟ್ಟು ಗಮನಿಸಬೇಕು.

ಇನ್ನೊಂದು ವಿಷಯ. ಮದುವೆ, ಬೀಗರೂಟ, ಜಾತ್ರೆಗಳಿಂದ ಮರಳುವಾಗ ‘ನಾನು ಕುಡಿದಿದ್ದೀನಿ, ನೀನೇ ಓಡಿಸು’ ಎಂದು ಎಂಟನೇ ತರಗತಿಯ ಹುಡುಗನ ಕೈಗೆ ಬೈಕ್ ಕೊಡುವುದನ್ನು ನಾನೇ ಕಂಡಿದ್ದೇನೆ. ಅದು ಪರಿಹಾರವಲ್ಲ. ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ 25,000 ರೂಪಾಯಿ ದಂಡವೂ 3 ವರ್ಷಗಳವರೆಗೆ ಜೈಲೂ ಆಗಬಹುದು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಚರ್ಚಿಸಿ ಹೀಗೆ ತೀರ್ಮಾನಿಸಿದ್ದೇವೆ. ಕುಡಿದಿದ್ದಾರೆಂದು ಕಂಡುಬಂದ ಯಾರ ಜೊತೆಗೂ, ಅವರು ಸ್ವಂತ ತಂದೆಯೇ ಆಗಿರಲಿ, ಮಗುವನ್ನು ವಾಹನದಲ್ಲಿ ಕಳುಹಿಸಿಕೊಡುವುದಿಲ್ಲ. ಅವರನ್ನು ಗೇಟಿನಲ್ಲಿ ನಿಲ್ಲಿಸದೆ ಕಚೇರಿಗೆ ಕರೆದು ಕೂರಿಸಿ, ಮನೆಯ ಮತ್ತೊಬ್ಬರಿಗೆ ಫೋನ್ ಮಾಡುತ್ತೇವೆ. ಅವರು ಬರುವವರೆಗೆ, ರಾತ್ರಿ ಎಷ್ಟೇ ಹೊತ್ತಾದರೂ, ಒಬ್ಬ ಶಿಕ್ಷಕರು ಮಗುವಿನ ಜೊತೆ ಇರುತ್ತಾರೆ. ಯಾರನ್ನೂ ಬಯ್ಯುವುದಿಲ್ಲ, ಮರುದಿನ ಮಗುವಿನ ಎದುರು ಆ ಮಾತು ಎತ್ತುವುದೂ ಇಲ್ಲ.

ಜಾತ್ರೆಯ ದಿನಗಳಲ್ಲಿ ಹೆದ್ದಾರಿ ಕೂಡುವಲ್ಲಿ ಉಸಿರಿನ ತಪಾಸಣೆ ನಡೆಸಬೇಕು, ಅಪಘಾತವಾದಾಗ ಚಾಲಕರ ಪರೀಕ್ಷೆಯನ್ನು ಕೂಡಲೇ ಮಾಡಿಸಬೇಕು, ಕಿರಾಣಿ ಅಂಗಡಿಗಳಲ್ಲಿ ಅನಧಿಕೃತವಾಗಿ ಮದ್ಯ ಮಾರುವುದನ್ನು ತಡೆಯಬೇಕು ಎಂದು ಪೊಲೀಸ್ ಮತ್ತು ಅಬಕಾರಿ ಇಲಾಖೆಗಳಿಗೆ ಮನವಿಯೊಂದನ್ನು ಸಿದ್ಧಪಡಿಸಿದ್ದೇವೆ. ಅದು ನನ್ನ ಕೊಠಡಿಯಲ್ಲಿದೆ. ಓದಿ, ಒಪ್ಪಿಗೆಯಾದರೆ ಸಹಿ ಹಾಕಿ. ತಾಯಂದಿರು ಹೆಚ್ಚಿನ ಸಂಖ್ಯೆಯಲ್ಲಿ ಬರಬೇಕೆಂದು ವಿಶೇಷವಾಗಿ ಕೋರುತ್ತೇನೆ, ಏಕೆಂದರೆ ರಾತ್ರಿ ಬೈಕಿನ ಸದ್ದಿಗೆ ಕಿವಿಗೊಟ್ಟು ಕಾಯುವವರು ಅವರೇ.

ಪತ್ರದೊಂದಿಗಿರುವ ಚೀಟಿಯಲ್ಲಿ, ತುರ್ತು ಸಮಯದಲ್ಲಿ ಮಗುವನ್ನು ಕರೆದೊಯ್ಯಬಲ್ಲ ಇನ್ನಿಬ್ಬರ ಹೆಸರು ಮತ್ತು ಫೋನ್ ನಂಬರ್ ಬರೆದು, ಸಹಿ ಮಾಡಿ, ಶನಿವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ